ಬಿಳಿ ಗೆರೆ, ಹಳದಿ ಗೆರೆ

ಅಮ್ಮ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ನಾನು ಒಂದು ಲಾರಿಯ ಮುಂದಿನ ಚಕ್ರದ ಬೋಲ್ಟು ಬಿಗಿಯುತ್ತಿದ್ದೆ. ಆರರಲ್ಲಿ ಮೂರು ಮುಗಿದಿದ್ದವು. "ಆಯ್ತು" ಅಂದು ಫೋನನ್ನು ಜೇಬಿಗೆ ಹಾಕಿಕೊಂಡೆ. ಉಳಿದ ಮೂರನ್ನೂ ಬಿಗಿದೆ, ಎದುರುಬದುರಾಗಿ, ಹೇಗೆ ಬಿಗಿಯಬೇಕೋ ಹಾಗೆ. ಆಮೇಲೆ ಕೈ ತೊಳೆದುಕೊಂಡು ಮ್ಯಾನೇಜರ ಕೋಣೆಗೆ ಹೋಗಿ ರಜೆ ಕೇಳಿದೆ. ಎಷ್ಟು ದಿನ ಬೇಕು ಅಂದರು. ನನಗೇನು ಗೊತ್ತು, ಅಮ್ಮ ಸಾಯುವುದು ನನಗೂ ಮೊದಲ ಸಲವೇ ಅಲ್ಲವೇ. ಎರಡು ದಿನ ಅಂದೆ.

ಆ ಎರಡು ದಿನವೂ ನಾನು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ಹೋದವರ ಕುರ್ಚಿ ಮಡಿಸಿಟ್ಟೆ. "ಗಟ್ಟಿ ಮನುಷ್ಯ" ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ ಹಾಗಿತ್ತು ಇಡೀ ಮೈ. ಇದೆ ಅಂತ ಗೊತ್ತು, ಆದರೆ ನನ್ನದು ಅನ್ನಿಸುವುದಿಲ್ಲ. ನಮ್ಮಿಬ್ಬರ ಪಾಲಿನ ಅಳುವನ್ನೂ ನನ್ನ ತಂಗಿಯೇ ಅತ್ತಳು.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲೇ ಇಂಜಿನಿಯರು. ನಾನು ಅಲ್ಲಿ ಹಿರಿಯ ಫಿಟ್ಟರು, ಮೇಸ್ತ್ರಿ ಅನ್ನುತ್ತಾರೆ. ಎಲ್ಲವನ್ನೂ ಅಳೆದು ನೋಡುವ ಚಾಳಿಯಿಂದ ಬೆನ್ನ ಹಿಂದೆ ನನಗೆ 'ಗೇಜು' ಅಂತಲೂ ಹೆಸರಿದೆ. ಬೆಟ್ಟದ ಮೇಲೆ ವಿದ್ಯುತ್ ಗೋಪುರಗಳಿವೆಯಲ್ಲ, ಅವುಗಳ ರಿಪೇರಿಗೆ ಹಗ್ಗ, ತಂತಿ, ಆಳು ಎಲ್ಲ ಹೊತ್ತು ಹೋಗುವ ಲಾರಿಗಳು ನಮ್ಮವು. ಅಲ್ಲಿಗೆ ರಸ್ತೆ ಅಂತ ಇರುವುದಿಲ್ಲ, ಕಲ್ಲಿನ ಮೇಲೆ ಹತ್ತಬೇಕು. ಅದಕ್ಕೇ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಫೋರ್ ವೀಲ್ ಡ್ರೈವ್ ಗಾಡಿಗಳು. ಇಂಥ ಗಾಡಿಯಲ್ಲಿ ಮುಂದಿನ ಆಕ್ಸಲ್ಲಿನ ಪಾಡು ಹಿರೀಸೊಸೆಯ ಪಾಡು. ಭಾರವನ್ನೂ ಹೊರಬೇಕು, ತಿರುಗಿಸಿದ ಕಡೆಗೂ ತಿರುಗಬೇಕು, ಮೇಲೆ ಎಳೆಯಲೂ ಬೇಕು. ಮುರಿದರೆ ಬೈಗುಳವೂ ಅದಕ್ಕೇ.

ಹೊಸದಾಗಿ ನಲವತ್ತು ಲಾರಿ ಬರುವುದಿತ್ತು. ಅವಕ್ಕೆ ಯಾವ ಮುಂದಿನ ಆಕ್ಸಲ್ ಹಾಕಿಸಬೇಕು ಅನ್ನುವುದೇ ಪ್ರಶ್ನೆ. ಹಳೆಯದರಲ್ಲಿ, ಎರಡು ಚಕ್ರಕ್ಕೂ ಬಲ ಹಂಚುವ ಗೇರಿನ ಗುಂಡು ಒಂದು ಪಕ್ಕಕ್ಕಿರುತ್ತದೆ. ಹಾಗಾಗಿ ಆ ಗುಂಡಿನಿಂದ ಚಕ್ರಕ್ಕೆ ಬಲ ಒಯ್ಯುವ ಎರಡು ಉಕ್ಕಿನ ಶಾಫ್ಟುಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ಎರಡೂ ನನ್ನ ಮುಂಗೈ ದಪ್ಪ. ತಂಗಿ ತಂದದ್ದು ಹೊಸದು. ಗುಂಡು ನಟ್ಟನಡುವೆ, ಶಾಫ್ಟುಗಳು ಎರಡೂ ಸಮ, ತುಸು ತೆಳ್ಳಗೆ.

"ಇಷ್ಟು ಸಣಕಲು ಶಾಫ್ಟಾ?" ಅಂದಿದ್ದೆ ನಾನು, ಎಲ್ಲರೆದುರು.

"ದಪ್ಪ ನೋಡಬೇಡ ಅಣ್ಣ, ಉಕ್ಕಿನ ಜಾತಿ ನೋಡು. ದಪ್ಪ ಇದ್ರೆ ಗಟ್ಟಿ ಅನ್ನೋದಾದ್ರೆ ನಮ್ಮ ಮ್ಯಾನೇಜರೇ ಆಕ್ಸಲ್ ಆಗಬಹುದಿತ್ತು."

ಶಾಪಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೊಂದು ಕಡೆ ಚುರ್ರೆಂದದ್ದು ನಿಜ. ಇಪ್ಪತ್ತೆರಡು ವರ್ಷ ಹಳೇ ಆಕ್ಸಲ್ಲಿನ ಹೊಟ್ಟೆ ಬಗೆದವನು ನಾನು. ನಾನು ತೊಡೆಯ ಮೇಲೆ ಕೂರಿಸಿಕೊಂಡು ಮಗ್ಗಿ ಹೇಳಿಕೊಟ್ಟ ಹುಡುಗಿ ಬಂದು ಅದನ್ನು ಮೂಲೆಗೆ ಹಾಕು ಅಂದರೆ ಚುರ್ರೆನ್ನದೇ ಇರುತ್ತದೆಯೇ? ಅವಳು ಮನೆಗೆ ಬಂದಾಗಲೂ ಇದೇ ಜಗಳ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಅಮ್ಮ ನಡುವೆ ಕೂತು ಕೇಳಿ ಕೇಳಿ ಸಾಕಾಗಿ, "ಅದೆಲ್ಲ ಹಾಳಾಗಿ ಹೋಗಲಿ, ಯಾವುದರಲ್ಲಿ ಕೂತರೆ ನಡು ನೋಯಲ್ಲ ಅಷ್ಟು ಹೇಳಿ" ಅನ್ನುತ್ತಿದ್ದಳು. ನನ್ನ ಮದುವೆಗೆ ಹೆಣ್ಣು ಹುಡುಕಿ ಹುಡುಕಿ ಸುಸ್ತಾದ ಮೇಲೆ ಅವಳಿಗೆ ನಮ್ಮ ಜಗಳವೇ ಹೊತ್ತು ಕಳೆಯುವ ದಾರಿ.

ಕೊನೆಗೆ ಮ್ಯಾನೇಜರು ಎರಡು ಲಾರಿ ಬಿಟ್ಟುಕೊಟ್ಟರು. ಒಂದಕ್ಕೆ ಹಳೆಯದು, ಇನ್ನೊಂದಕ್ಕೆ ಹೊಸದು. ಅದೇ ಬೆಟ್ಟ, ಅದೇ ಭಾರ, ಮೂರು ತಿಂಗಳು. ಯಾವುದು ತಡೆಯುತ್ತದೋ ಅದು. ಜೊತೆಗೆ ತಂಗಿಗೆ ಒಂದು ಮಾತನ್ನೂ ಹೇಳಿದ್ದರು. "ನಿಮ್ಮದು ಮುರಿದರೆ ಈ ಪರೀಕ್ಷೆ ಗಿರೀಕ್ಷೆ ಎಲ್ಲ ಸಾಕು. ಸ್ಟೋರಿನಲ್ಲಿ ಕೂತು ನಟ್ಟು ಬೋಲ್ಟು ನೋಡಿಕೊಳ್ಳಿ." ಎರಡು ವರ್ಷ ಅವಳು ಆ ಆಕ್ಸಲ್ಲಿನ ಹಿಂದೆ ಬಿದ್ದಿದ್ದಳು. ಗೆದ್ದರೆ ನಲವತ್ತು ಲಾರಿ, ಸೋತರೆ ಸ್ಟೋರು.

ಶಾಫ್ಟಿಗೆ ಎಷ್ಟು ಪೆಟ್ಟಾಗಿದೆ ಅಂತ ತಿಳಿಯಲು ನಮ್ಮಲ್ಲಿ ಒಂದು ಪದ್ಧತಿ ಇದೆ. ಹಾಕುವ ಮೊದಲು ಶಾಫ್ಟಿನ ಉದ್ದಕ್ಕೂ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯುತ್ತೇವೆ. ಕೆಲವು ವಾರ ಓಡಿಸಿ ತೆಗೆದು ನೋಡಿದರೆ ಗೆರೆ ಒಂದು ಕಡೆಗೆ ವಾಲಿರುತ್ತದೆ. ಎಷ್ಟು ವಾಲಿದೆಯೋ ಅಷ್ಟು ಕಬ್ಬಿಣ ತಿರುಚಿದೆ ಅಂತ ಅರ್ಥ. ಅಳೆದು ಬರೆದುಕೊಂಡು, ಪಕ್ಕದಲ್ಲಿ ಬೇರೆ ಬಣ್ಣದ ಇನ್ನೊಂದು ನೇರ ಗೆರೆ ಎಳೆದು, ಮತ್ತೆ ಒಳಗೆ ತಳ್ಳುತ್ತೇವೆ. ಮೊದಲನೆಯದು ಬಿಳಿ, ಎರಡನೆಯದು ಹಳದಿ.

ಎಡದ ಶಾಫ್ಟು ಒಂದು ಕಡೆಗೆ ತಿರುಚಿಕೊಂಡರೆ ಬಲದ್ದು ಅದರ ಎದುರು ಕಡೆಗೆ. ಒಂದು ಕಡೆಗೆ ತಿರುಚಿ ಪಳಗಿದ ಶಾಫ್ಟನ್ನು ಮತ್ತೆ ಅದೇ ಪಕ್ಕಕ್ಕೇ ಹಾಕಬೇಕು. ಎಡದ್ದನ್ನು ತಂದು ಬಲಕ್ಕೆ ಹಾಕಿದಿರೋ, ಅದು ಉಲ್ಟಾ ತಿರುಚಲು ಶುರುವಾಗುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿದರೆ ಏನಾಗುತ್ತದೋ ಅದೇ ಆಗುತ್ತದೆ. ಇದು ನಮಗೆಲ್ಲ ಗೊತ್ತಿದ್ದ ವಿಷಯ. ಗೊತ್ತಿದ್ದರೂ ಎಡ ಬಲ ಅಂತ ಗುರುತು ಹಾಕುವ ಅಭ್ಯಾಸ ನಮ್ಮ ಶಾಪಿನಲ್ಲಿ ಇರಲಿಲ್ಲ. ಯಾಕೆ ಇರಬೇಕು? ಹಳೆಯದರಲ್ಲಿ ಉದ್ದದ್ದು ಗಿಡ್ಡದರ ತೂತಿಗೆ ಹೋಗುವುದೇ ಇಲ್ಲ, ಕುರುಡನಿಗೂ ತಪ್ಪಲು ಸಾಧ್ಯವಿಲ್ಲ. ಹೊಸದರ ಕೆಲಸ ಶುರುವಾದಾಗ ತಂಗಿ, "ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ನೆನಪಿರಲಿ" ಅಂದಿದ್ದಳು. "ಅಜ್ಜಿಗೆ ಕೆಮ್ಮು ಕಲಿಸಬೇಡ" ಅಂದಿದ್ದೆ ನಾನು.

ಬಿಳಿ ಗೆರೆ ಎಳೆದು ಆರು ವಾರವಾಗಿ ಶಾಫ್ಟು ಹೊರಗೆ ತೆಗೆಯಬೇಕಾಗಿದ್ದ ದಿನ ಅಮ್ಮ ಹೋಗಿ ಮೂರನೇ ದಿನವಾಗಿತ್ತು. ಬೆಳಿಗ್ಗೆ ತಂಗಿ ಫೋನು ಮಾಡಿದಳು.

"ಅಣ್ಣ, ಇವತ್ತು ಶಾಫ್ಟ್ ತೆಗೀಬೇಕು. ನಿನಗಾಗಲ್ಲ ಅಂದ್ರೆ ಬೇರೆಯವರಿಗೆ ಹೇಳ್ತೀನಿ."

"ಬರ್ತೀನಿ."

"ನಿಜವಾಗ್ಲೂ ಆಗುತ್ತಾ?"

"ಮನೇಲಿ ಕೂತು ಏನು ಮಾಡಲಿ?"

ಆ ದಿನದ ಬಗ್ಗೆ ನನಗೆ ನೆನಪಿರುವುದು ಇಷ್ಟೇ: ಹಳದಿ ಬಣ್ಣದ ಡಬ್ಬಿಯ ಮುಚ್ಚಳ ಅಂಟಿಕೊಂಡಿತ್ತು, ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಆಮೇಲೆ ಸಂಜೆ ಗೇಟಿನ ಹತ್ತಿರ ಯಾರೋ ನನ್ನ ಹೆಗಲು ತಟ್ಟಿದರು. ಈ ಎರಡರ ನಡುವೆ ಖಾಲಿ. ಪುಸ್ತಕದಲ್ಲಿ ನನ್ನ ಅಕ್ಷರವಿದೆ, ಅಳತೆ ಇದೆ, ಎಲ್ಲ ಅಚ್ಚುಕಟ್ಟಾಗಿದೆ. ಆದರೆ ಅಳೆದವನು ನಾನೇ ಅಂತ ಆಣೆ ಮಾಡಿ ಹೇಳಲಾರೆ.

ಮೂರು ವಾರ ಕಳೆದ ಮೇಲೆ ಹೊಸ ಆಕ್ಸಲ್ಲಿನ ಬಲ ಶಾಫ್ಟು ಮುರಿಯಿತು. ಗೋಪುರದ ಕೆಳಗಿನ ಕಡಿದಾದ ಏರು. ಓಡಿಸುತ್ತಿದ್ದವನು ನಮ್ಮಲ್ಲೇ ಹಳಬ. ಟೋಪಿಯನ್ನು ಯಾವಾಗಲೂ ಓರೆಗೆ ಇಟ್ಟುಕೊಳ್ಳುವುದರಿಂದ ಅವನನ್ನು ಎಲ್ಲರೂ ಸೊಟ್ಟಟೋಪಿ ಅನ್ನುತ್ತಾರೆ. ಟಪ್ ಅಂತ ಒಂದು ಸದ್ದಾಯಿತಂತೆ, ಎಳೆತ ನಿಂತಿತಂತೆ, ಲಾರಿ ಹಿಂದಕ್ಕೆ ಜಾರಿ ಗೋಪುರದ ಕಾಂಕ್ರೀಟ್ ಕಾಲಿಗೆ ಬಡಿಯಿತಂತೆ. ಅವನ ಕೊರಳಿನ ಪಕ್ಕದ ಎಲುಬು ಮುರಿಯಿತು. ಜೀವಕ್ಕೆ ಅಪಾಯವಾಗಲಿಲ್ಲ.

ಸಂಜೆಯ ಹೊತ್ತಿಗೆ ಮುರಿದ ಶಾಫ್ಟಿನ ತುಂಡುಗಳು ನನ್ನ ಮೇಜಿಗೆ ಬಂದವು. ಆಕ್ಸಲ್ಲಿನ ಉಳಿದ ಭಾಗವನ್ನು ಎಳೆದು ತಂದು ಶೆಡ್ಡಿನ ಮೂಲೆಯಲ್ಲಿ ಹಾಕಿದರು. ನಾನು ಗ್ರೀಸು ಒರೆಸಿ, ದೀಪ ಹತ್ತಿರಕ್ಕೆ ಎಳೆದುಕೊಂಡು ಉದ್ದದ ತುಂಡನ್ನು ನೋಡಿದೆ. ಬಿಳಿ ಗೆರೆ ಒಂದು ಕಡೆಗೆ ವಾಲಿತ್ತು. ಹಳದಿ ಗೆರೆ ಅದರ ಎದುರು ಕಡೆಗೆ ವಾಲಿತ್ತು.

ಒಂದೇ ಶಾಫ್ಟಿನ ಮೇಲೆ ಎರಡು ಗೆರೆ ಎರಡು ದಿಕ್ಕಿಗೆ ವಾಲಬೇಕಾದರೆ ಒಂದೇ ಕಾರಣ. ಮೊದಲ ಆರು ವಾರ ಅದು ಒಂದು ಪಕ್ಕದಲ್ಲಿ ದುಡಿದಿದೆ, ಆಮೇಲಿನ ಮೂರು ವಾರ ಇನ್ನೊಂದು ಪಕ್ಕದಲ್ಲಿ. ಇದು ಎಡದ್ದು. ನಾನು ಇದನ್ನು ಬಲಕ್ಕೆ ಹಾಕಿದ್ದೆ.

ಆಗ ಏನನ್ನಿಸಿತು ಅಂತ ಕೇಳಿದರೆ, ಏನೂ ಅನ್ನಿಸಲಿಲ್ಲ. ಅದನ್ನೇ ಹೇಳಲು ಹೊರಟದ್ದು ನಾನು. ಆದರೆ ತಲೆ ಮಾತ್ರ ಚುರುಕಾಗಿ ಲೆಕ್ಕ ಹಾಕಿತು. ಮೊದಲಿನಿಂದಲೂ ಹಳೆಯದರ ಪರವಾಗಿ ಗಂಟಲು ಹರಿದುಕೊಂಡವನು ನಾನು. ಮರೆತೆ ಅಂದರೆ ಯಾರು ನಂಬುತ್ತಾರೆ? ತಂಗಿಯನ್ನು ಸೋಲಿಸಲು ಬೇಕಂತಲೇ ಮಾಡಿದ ಅನ್ನುತ್ತಾರೆ. ಡ್ರೈವರನ ಎಲುಬು ಮುರಿದವನು ಅನ್ನುತ್ತಾರೆ. ಪಕ್ಕದಲ್ಲಿ ಬಣ್ಣ ಕರಗಿಸುವ ಥಿನ್ನರ್ ಬಾಟಲಿ ಇತ್ತು, ಚಿಂದಿ ಬಟ್ಟೆ ಇತ್ತು. ಹಳದಿ ಗೆರೆಯನ್ನು ಒರೆಸಿದೆ. ಪೂರ್ತಿ ಹೋಗುವ ತನಕ ಒರೆಸಿದೆ. ಆಮೇಲೆ ಪುಸ್ತಕದಲ್ಲಿ, "ಹಳದಿ ಗೆರೆ ಉಜ್ಜಿ ಅಳಿಸಿಹೋಗಿದೆ, ಓದಲಾಗದು" ಅಂತ ಬರೆದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು.

ಮರುದಿನ ಶಾಪಿನಲ್ಲಿ ಒಂದೇ ಮಾತು, ಸಣಕಲು ಶಾಫ್ಟು ಮುರಿಯದೆ ಇನ್ನೇನಾಗುತ್ತೆ ಅಂತ. "ಮೇಸ್ತ್ರಿ ಅವತ್ತೇ ಹೇಳಿರಲಿಲ್ವಾ?" ಅಂದರು. ನನ್ನ ಬೆನ್ನು ತಟ್ಟಿದರು. ತಂಗಿ ನನ್ನ ಮೇಜಿನ ಹತ್ತಿರ ಬಂದು ಮುರಿದ ತುಂಡನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು. ಮೂಗಿನ ಹತ್ತಿರ ಹಿಡಿದಳು. ಕೆಳಗಿಟ್ಟಳು. ನನ್ನನ್ನು ಏನೂ ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ.

ಮುಖ್ಯ ಕಚೇರಿಯಿಂದ ಕಮಿಟಿ ಬರಲು ಒಂಬತ್ತು ದಿನವಿತ್ತು. ಹೋಲಿಕೆಯ ವರದಿ ಅವರ ಮುಂದೆ ಹೋಗಬೇಕು, ಅವರು ಸಹಿ ಹಾಕಿದರೆ ಮುಗಿಯಿತು. ಹಳೆಯದು ಗಟ್ಟಿ, ಹೊಸದು ಪೊಳ್ಳು, ಇವಳು ಸ್ಟೋರಿಗೆ. ಬಾಯಿ ಬಿಟ್ಟು ನಾಲ್ಕು ಮಾತಾಡಿದ್ದರೆ ತಪ್ಪಿಸಬಹುದಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ, ದಿನಾ ಸಂಜೆ ನಾಳೆ ನೋಡೋಣ ಅನ್ನುತ್ತಿದ್ದೆ. ಭಯವಾಗುತ್ತಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಭಯಪಡಲಿಕ್ಕೂ ಒಳಗೆ ಯಾರಾದರೂ ಇರಬೇಕಲ್ಲ.

ನಡುವೆ ಒಂದು ದಿನ ಸೊಟ್ಟಟೋಪಿಯನ್ನು ನೋಡಲು ಆಸ್ಪತ್ರೆಗೆ ಹೋದೆ. ತೋಳನ್ನು ಎದೆಗೆ ಕಟ್ಟಿ ಮಲಗಿಸಿದ್ದರು. ಹಾಸಿಗೆಯಲ್ಲೂ ತಲೆಯ ಮೇಲೆ ಟೋಪಿ, ಅದೂ ಓರೆಗೆ.

"ನರ್ಸಮ್ಮ ನೇರ ಮಾಡ್ತಾರೆ, ಅವರು ಆ ಕಡೆ ಹೋದ ತಕ್ಷಣ ನಾನು ಸೊಟ್ಟ ಮಾಡ್ತೀನಿ" ಅಂದು ನಕ್ಕ. ಆಮೇಲೆ ದನಿ ಇಳಿಸಿದ. "ಮೇಸ್ತ್ರಿ, ನಿಮಗೊಬ್ಬರಿಗೇ ಹೇಳ್ತೀನಿ. ನಾನೇ ಕ್ಲಚ್ಚನ್ನ ಸಟ್ಟಂತ ಬಿಟ್ಟೆ ಅನ್ಸುತ್ತೆ. ಇಲ್ಲದಿದ್ರೆ ಹೊಸ ಶಾಫ್ಟು ಹಾಗೆ ಮುರಿಯಲ್ಲ. ನಿಮ್ಮ ತಂಗಿ ಪಾಪ, ಎಷ್ಟು ಕಷ್ಟಪಟ್ಟಿದ್ರು. ಅವರ ಮುಖ ಹೇಗೆ ನೋಡಲಿ?"

"ಇರಲಿ ಬಿಡು" ಅಂದೆ. "ಆಗೋದು ಆಯ್ತು."

ಅವನು ನನ್ನ ಕೈ ಹಿಡಿದುಕೊಂಡ. ನಿಮ್ಮದು ದೊಡ್ಡ ಮನಸ್ಸು ಅಂದ. ನಾಚಿಕೆಯಿಂದ ಸಾಯಬೇಕಾದ ಹೊತ್ತು ಅದು, ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನಾನು ಅವನ ಮಂಚದ ಗಾಲಿ ನೋಡುತ್ತಿದ್ದೆ. ನಾಲ್ಕರಲ್ಲಿ ಒಂದು ನೆಲಕ್ಕೆ ತಾಗುತ್ತಿರಲಿಲ್ಲ. ಬಗ್ಗಿ, ಒಂದು ರಟ್ಟು ಮಡಚಿ ಅದರ ಕೆಳಗೆ ಇಟ್ಟು ಬಂದೆ.

ಕಮಿಟಿ ಬರುವ ಹಿಂದಿನ ದಿನ ರಜೆ. ಅಮ್ಮನ ಬೀರು ಖಾಲಿ ಮಾಡೋಣ ಅಂತ ತಂಗಿ ಬೆಳಿಗ್ಗೆಯೇ ಮನೆಗೆ ಬಂದಳು. ಅಮ್ಮನ ಕೋಣೆಯಲ್ಲಿ ನೆಲದ ಮೇಲೆ ಕೂತೆವು. ಮೂರು ಕನ್ನಡಕ ಸಿಕ್ಕವು, ಮೂರಕ್ಕೂ ಒಂದೊಂದು ಕಡ್ಡಿ ಇಲ್ಲ. ಬೀಗವಿಲ್ಲದ ಕೀಲಿಗಳು ಒಂದು ಗೊಂಚಲು. ಅರ್ಧ ನುಂಗಿ ಉಳಿಸಿದ ಮಾತ್ರೆಯ ಹಾಳೆಗಳು. ಮುಗಿಸಿದ್ದೇನೆ ಅಂತ ಡಾಕ್ಟರ ಹತ್ತಿರ ಅಮ್ಮ ಹೇಳಿದ್ದ ಮಾತ್ರೆಗಳೇ ಅವು. ತಂಗಿ ಅದನ್ನು ನೋಡಿ ನಕ್ಕಳು, ನಗುತ್ತ ನಗುತ್ತ ಅತ್ತಳು. ನಾನು ಸೀರೆಗಳನ್ನು ಮಡಿಕೆ ಕೆಡದಂತೆ ಒಂದರ ಮೇಲೊಂದು ಇಟ್ಟೆ.

ಕಣ್ಣೊರೆಸಿಕೊಂಡು ಅವಳು ಕೇಳಿದಳು. "ಅಣ್ಣ, ನನ್ನ ಹತ್ರ ಏನಾದ್ರೂ ಹೇಳೋದಿದೆಯಾ?"

"ಏನು?"

"ಏನಾದ್ರೂ. ನಾಳೆ ಕಮಿಟಿ. ಇವತ್ತು ನಾವಿಬ್ರೇ ಇದೀವಿ."

ನಾನು ಬೀರುವಿನ ಕಡೆ ನೋಡಿದೆ. "ಬಾಗಿಲು ಸರಿಯಾಗಿ ಕೂರ್ತಿಲ್ಲ" ಅಂದೆ. ಎದ್ದು ಹೋಗಿ ಸ್ಕ್ರೂಡ್ರೈವರ್ ತಂದು ಮೇಲಿನ ಕೀಲನ್ನು ಬಿಚ್ಚಿ, ಸರಿಮಾಡಿ ಹಾಕಿದೆ. ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ನೆಲದ ಮೇಲೆ ಕೂತೇ ಇದ್ದಳು. ಆಮೇಲೆ ಬಾಗಿಲು ಮುಚ್ಚಿ ತೆಗೆದು ತೋರಿಸಿದೆ. "ಚೆನ್ನಾಗಾಯ್ತು" ಅಂದಳು. ಕನ್ನಡಕಗಳನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಮರುದಿನ ಹತ್ತು ಗಂಟೆಗೆ ಕಮಿಟಿ ಕೂತಿತು. ಮ್ಯಾನೇಜರು, ಮುಖ್ಯ ಕಚೇರಿಯಿಂದ ಬಂದ ಇಬ್ಬರು. ಅವರಲ್ಲಿ ಹಿರಿಯರಿಗೆ ಒಂದು ಕಿವಿ ಮಂದ, ಹಾಗಾಗಿ ಎಲ್ಲರೂ ಜೋರಾಗಿಯೇ ಮಾತಾಡಬೇಕಿತ್ತು. ಅಳತೆ ಬರೆದವನು ಅಂತ ನನ್ನನ್ನೂ ಕರೆಸಿದ್ದರು. ಬಾಗಿಲ ಹತ್ತಿರ ಕುರ್ಚಿ. ತಂಗಿ ಎದ್ದು ನಿಂತು ಹೋಲಿಕೆಯ ಪಟ್ಟಿ ಓದಿದಳು. ಹಳೆಯದು ಹೊತ್ತ ಭಾರ ಇಷ್ಟು, ತಿರುಚಿದ್ದು ಇಷ್ಟು, ಉದ್ದದ ಶಾಫ್ಟು ಗಿಡ್ಡದ್ದಕ್ಕಿಂತ ಹೆಚ್ಚು ತಿರುಚಿದೆ. ಹೊಸದು ಮೊದಲ ಆರು ವಾರದಲ್ಲಿ ತಿರುಚಿದ್ದು ಹಳೆಯದರ ಅರ್ಧದಷ್ಟು, ಎರಡು ಪಕ್ಕವೂ ಸಮ. ಒಂಬತ್ತನೇ ವಾರ ಬಲ ಶಾಫ್ಟು ತುಂಡು. ದನಿಯಲ್ಲಿ ಏರೂ ಇಲ್ಲ, ಇಳಿತವೂ ಇಲ್ಲ.

"ಅಂದರೆ ಹೊಸದು ತಡೆಯಲಿಲ್ಲ" ಅಂದರು ಮ್ಯಾನೇಜರು, ಪೆನ್ನಿನ ಮುಚ್ಚಳ ತೆಗೆಯುತ್ತ.

"ಒಂದು ನಿಮಿಷ ಸರ್."

ಅವಳು ಹೊರಗೆ ಹೋದಳು. ಬರುವಾಗ ಹೆಗಲ ಮೇಲೆ ಗೋಣಿ ಸುತ್ತಿದ ಏನೋ ಉದ್ದದ್ದು ಇತ್ತು. ಮೇಜಿನ ಮೇಲೆ, ಅವರ ಕಾಗದಗಳ ಮೇಲೇ, ಧಡ್ ಅಂತ ಇಟ್ಟಳು. ಗೋಣಿ ಬಿಡಿಸಿದಳು. ಶಾಫ್ಟು. ಮುರಿಯದ್ದು.

ಆಗ ತಿಳಿಯಿತು ನನಗೆ. ಒಂದು ಆಕ್ಸಲ್ಲಿಗೆ ಎರಡು ಶಾಫ್ಟು. ಎರಡನ್ನೂ ಅದಲು ಬದಲು ಮಾಡಿದವನು ಒಂದನ್ನು ಮಾತ್ರ ಒರೆಸಿದ್ದೆ. ಇನ್ನೊಂದು ಒಂಬತ್ತು ದಿನವೂ ಶೆಡ್ಡಿನ ಮೂಲೆಯಲ್ಲಿ, ಆಕ್ಸಲ್ಲಿನ ಒಳಗೆ, ತನ್ನ ಎರಡು ಗೆರೆ ಇಟ್ಟುಕೊಂಡು ಕೂತಿತ್ತು. ಗೇಜು ಅಂತ ಹೆಸರು ಬೇರೆ ನನಗೆ.

"ಇದು ಅದೇ ಆಕ್ಸಲ್ಲಿನ ಇನ್ನೊಂದು ಶಾಫ್ಟ್" ಅಂದಳು ತಂಗಿ. "ನಾನೇ ಬಿಚ್ಚಿ ತೆಗೆದೆ. ಇದರ ಮೇಲೆ ಗೆರೆ ಎಳೆದವರು ಮೇಸ್ತ್ರಿ. ಏನಿದೆ ಅಂತ ಅವರೇ ಓದಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ಮೇಜಿನ ಹತ್ತಿರ ಹೋದೆ. ಬಗ್ಗಿ ನೋಡಿದೆ, ನೋಡುವ ಅಗತ್ಯ ಇರಲಿಲ್ಲ.

"ಬಿಳಿ ಗೆರೆ ಬಲಕ್ಕೆ ವಾಲಿದೆ" ಅಂದೆ. "ಹಳದಿ ಎಡಕ್ಕೆ."

"ಗಟ್ಟಿಯಾಗಿ ಹೇಳಿ" ಅಂದರು ಕಿವಿ ಮಂದದ ಹಿರಿಯರು.

"ಬಿಳಿ ಬಲಕ್ಕೆ! ಹಳದಿ ಎಡಕ್ಕೆ!" ಕೂಗಿದೆ. "ನಡುವೆ ತೆಗೆದಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದಾರೆ! ಅದಕ್ಕೇ ಮುರಿದಿದೆ. ಆಕ್ಸಲ್ಲಿನ ತಪ್ಪಿಲ್ಲ. ಡ್ರೈವರದ್ದೂ ತಪ್ಪಿಲ್ಲ."

"ಹಾಕಿದ್ಯಾರು?"

"ನಾನು."

ಪಕ್ಕದ ಕೋಣೆಯವರಿಗೂ ಕೇಳಿಸಿರಬೇಕು. ಮ್ಯಾನೇಜರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ನೀವು ಮೊದಲಿಂದ್ಲೂ ಹಳೇದರ ಕಡೆಯವರು. ಬೇಕಂತ ಮಾಡಿದ್ರಾ?"

ಇಲ್ಲ ಅನ್ನುವುದು ಎಷ್ಟು ಸುಲಭ, ಆದರೆ ಆ ದಿನಕ್ಕೆ ಕೈ ಹಾಕಿದರೆ ಡಬ್ಬಿಯ ಮುಚ್ಚಳ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ.

"ಬೇಕಂತ ಅಲ್ಲ ಸರ್" ಅಂದಳು ತಂಗಿ. "ಅವತ್ತಿಗೆ ನಮ್ಮಮ್ಮ ತೀರಿಕೊಂಡು ಮೂರೇ ದಿನ. ಕೆಲಸಕ್ಕೆ ಕರೆದವಳು ನಾನು. ಕರೀಬಾರದಿತ್ತು. ತಪ್ಪು ಅಂತ ಬರ್ಕೊಳ್ಳಿ, ಇಬ್ಬರದ್ದೂ ತಪ್ಪು ಅಂತ ಬರ್ಕೊಳ್ಳಿ. ಬೇಕಂತ ಅಂತ ಮಾತ್ರ ಬರೀಬೇಡಿ."

ಅವರು ಅದನ್ನೇ ಬರೆದುಕೊಂಡರು. ಪರೀಕ್ಷೆ ಮೊದಲಿನಿಂದ ಮತ್ತೆ ಆಗಬೇಕು, ಎಡ ಬಲ ಅಂತ ಶಾಫ್ಟಿನ ತುದಿಗೆ ಗುರುತು ಕುಟ್ಟಬೇಕು, ಅಳತೆ ಬೇರೆಯವರು ಬರೆಯಬೇಕು. ಅಲ್ಲಿಯವರೆಗೆ ತಂಗಿ ಇದ್ದಲ್ಲೇ ಇರಲಿ. ನಾನು ಸೋಮವಾರದಿಂದ ಟೈರಿನ ಸೆಕ್ಷನ್ನಿಗೆ. ಹಿರಿಯರು ಎದ್ದು ಹೋಗುವಾಗ, ತಾಯಿ ಹೋದದ್ದು ಕೇಳಿ ಬೇಸರವಾಯಿತು ಅಂದರು.

ತಂಗಿ ಶಾಫ್ಟನ್ನು ಮತ್ತೆ ಗೋಣಿಯಲ್ಲಿ ಸುತ್ತಿ ಹೊತ್ತುಕೊಂಡು ಹೊರಗೆ ಬಂದಳು. ನಾನು ಹಿಂದೆಯೇ ಬಂದೆ. ಆಫೀಸಿಗೂ ಶೆಡ್ಡಿಗೂ ನಡುವೆ ಖಾಲಿ ಅಂಗಳ, ಬಿಸಿಲು. ಅರ್ಧ ದಾರಿಯಲ್ಲಿ ಅವಳು ನಿಂತು, ಶಾಫ್ಟಿನ ಒಂದು ತುದಿಯನ್ನು ನೆಲಕ್ಕೆ ಊರಿ, ನನ್ನ ಕಡೆ ತಿರುಗಿದಳು.

"ಮುರಿದ ತುಂಡಿನಲ್ಲಿ ಥಿನ್ನರ್ ವಾಸನೆ ಇತ್ತು" ಅಂದಳು. "ಅವತ್ತೇ ಗೊತ್ತಾಯ್ತು. ಅವತ್ತೇ ಇದನ್ನ ಬಿಚ್ಚಿ ನೋಡಿ, ಮತ್ತೆ ಒಳಗೆ ತಳ್ಳಿಟ್ಟೆ. ಒಂಬತ್ತು ದಿನ ಕಾದೆ, ಹೇಳ್ತೀಯ ಅಂತ. ನಿನ್ನೆ ಅಂತೂ ಖಂಡಿತ ಹೇಳ್ತೀಯ ಅಂದ್ಕೊಂಡಿದ್ದೆ."

ಗೋಣಿಯ ಒಂದು ಅಂಚು ಬಿಚ್ಚಿಕೊಂಡಿತ್ತು, ನಾನು ಅದನ್ನೇ ನೋಡಿದೆ.

"ಒಳಗೆ ಒರೆಸಿದ ವಿಷಯ ಎತ್ತಲಿಲ್ಲ ನಾನು. ಈಗ ನಾವಿಬ್ರೇ. ಕೇಳ್ತೀನಿ, ಹೇಳು. ಅದಲು ಬದಲು ಹಾಕಿದ್ದು ಬೇಕಂತನಾ?"

"ಗೊತ್ತಿಲ್ಲ. ಆ ದಿನವೇ ನೆನಪಿಲ್ಲ ನನಗೆ."

ಅವಳು ತಲೆಯಾಡಿಸಿದಳು. ಅದನ್ನು ನಂಬಿದಳು ಅಂತ ಮುಖದಲ್ಲೇ ಕಂಡಿತು.

"ಒರೆಸಿದ್ದು?"

"ಅದು ನೆನಪಿದೆ."

"ನನ್ನ ಕೆಲಸ ಹೋಗುತ್ತೆ ಅಂತ ಗೊತ್ತಿತ್ತಾ, ಒರೆಸುವಾಗ?"

"ಗೊತ್ತಿತ್ತು."

ಬೇರೆ ಏನಾದರೂ ಹೇಳಬಹುದಿತ್ತು. ಅಮ್ಮನ ಹೆಸರು ಹೇಳಬಹುದಿತ್ತು, ತಲೆ ಓಡಲಿಲ್ಲ ಅನ್ನಬಹುದಿತ್ತು. ತಲೆ ಚೆನ್ನಾಗಿಯೇ ಓಡಿತ್ತು. ಅವಳು ಬೈಯಲಿಲ್ಲ. ಶಾಫ್ಟನ್ನು ಎತ್ತಲು ಬಗ್ಗಿದಳು. ಭಾರದ್ದು, ಒಂದು ತುದಿ ಹಿಡಿಯೋಣ ಅಂತ ನಾನು ಕೈ ಚಾಚಿದೆ.

"ಮುಟ್ಟಬೇಡ ಅಣ್ಣ" ಅಂದಳು.

ಸಿಟ್ಟಿನಲ್ಲಿ ಅಂದದ್ದಲ್ಲ. ಬಣ್ಣ ಇನ್ನೂ ಹಸಿ ಇದೆ, ನೋಡಿಕೋ ಅಂತ ಹೇಳುತ್ತೇವಲ್ಲ, ಅಷ್ಟು ಮೆಲ್ಲಗೆ ಹೇಳಿದಳು. ಅಮ್ಮ ಹೋದ ದಿನದಿಂದ ನನ್ನೊಳಗೆ ಏನೂ ತಾಗಿರಲಿಲ್ಲ. ಇದು ತಾಗಿತು. ಎಷ್ಟು ನೋವಾಯಿತು ಅಂದರೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ ಅಂತ ನನಗೆ ತಿಳಿಯಲಿಲ್ಲ.

ಅವಳು ಒಬ್ಬಳೇ ಅದನ್ನು ಹೆಗಲಿಗೆ ಏರಿಸಿಕೊಂಡಳು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.